ರಾಯಭಾರಿಯ ಪತ್ನಿಯ ಹೆಸರು

ಆ ಅರ್ಜಿಯಲ್ಲಿ ಹದಿನೇಳನೇ ಕಲಮು ಇಲ್ಲದೇ ಹೋಗಿದ್ದರೆ ನನಗೆ ಆ ಹುಚ್ಚು ಹತ್ತುತ್ತಲೇ ಇರಲಿಲ್ಲ. ವಿದೇಶಾಂಗ ಇಲಾಖೆಯವರು ಕಳಿಸಿದ ಅಚ್ಚಾದ ಅರ್ಜಿ ಅದು, ನನ್ನ ಅತ್ತಿಗೆ ತುಂಬಿ ಕಳಿಸಬೇಕಾದ್ದು. ಹದಿನಾರರವರೆಗೆ ಎಲ್ಲ ನೆಟ್ಟಗಿತ್ತು. ಹುಟ್ಟಿದ ತಾರೀಕು, ಓದು, ಹಿಂದೆ ಮಾಡಿದ ಹುದ್ದೆ. ಹದಿನೇಳರಲ್ಲಿ 'ರಾಯಭಾರಿಯ ಪತ್ನಿಯ ಹೆಸರು ಮತ್ತು ವಯಸ್ಸು' ಅಂತಿತ್ತು. ಅದರ ಕೆಳಗೆ ಸಣ್ಣಕ್ಷರದಲ್ಲಿ, ನಿವಾಸದ ಊಟೋಪಚಾರ ನೋಡಿಕೊಳ್ಳುವವರ ಹೆಸರಿಲ್ಲದ ಅರ್ಜಿಯನ್ನು ಪರಿಗಣಿಸುವುದಿಲ್ಲ ಅಂತ ಬರೆದಿತ್ತು.

ಪಾಪ, ಅವರ ತಪ್ಪೇನೂ ಅಲ್ಲ. ಅಲ್ಲೀವರೆಗೆ ಅವರು ಕಳಿಸಿದ ರಾಯಭಾರಿಗಳಿಗೆಲ್ಲ ಮೀಸೆ ಇತ್ತು. ಹೆಂಗಸೊಬ್ಬಳನ್ನು, ಅದೂ ತಲೆಗೆ ವಸ್ತ್ರ ಸುತ್ತಿಕೊಂಡು ಐದು ಹೊತ್ತೂ ನಮಾಜು ಮಾಡುವ ನಮ್ಮ ಪೈಕಿಯ ಹೆಂಗಸನ್ನು ಕಳಿಸುತ್ತಿರುವುದು ಅದೇ ಮೊದಲು. ಅತ್ತಿಗೆ ಓದಿ ನಕ್ಕಳು. ಆಮೇಲೆ ಪೆನ್ನಿನ ಮುಚ್ಚಳ ಕಚ್ಚಿಕೊಂಡು, ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನಿನ್ನ ಹೆಸರು ಬರೀಲಾ?" ಅಂದಳು.

ನನ್ನ ಕೈತುಂಬ ಹಿಟ್ಟು ಇತ್ತು. ಒರೆಸಿಕೊಳ್ಳುವುದೂ ಮರೆತುಹೋಯಿತು.

ನಾನ್ಯಾರು ಅಂತ ಹೇಳಿಬಿಡುತ್ತೇನೆ. ಈ ಮನೆಯ ಯಜಮಾನ ನನ್ನಣ್ಣ, ಕಾಲೇಜಿನಲ್ಲಿ ಗಣಿತ ಹೇಳಿಕೊಡುವವನು. ಮದುವೆಯಾದ ಎರಡನೇ ವರ್ಷಕ್ಕೆ ಗಂಡ ತೀರಿಹೋಗಿ ನಾನು ಈ ಮನೆಗೆ ವಾಪಸು ಬಂದಾಗ ನನಗೆ ಇಪ್ಪತ್ತಮೂರು. ಈಗ ನಲವತ್ತೈದು. ಅಣ್ಣನ ಹೆಂಡತಿ ವಕೀಲೆ, ನನಗಿಂತ ಒಂದೇ ವರ್ಷ ದೊಡ್ಡವಳು. ನಾನು ಬಂದ ವರ್ಷವೇ ಅವಳು ಚುನಾವಣೆಗೆ ನಿಂತಳು. ಅಂದರೆ ನನ್ನ ಕೈಗೆ ಸೌಟು ಬಂತು, ಅವಳ ಕೈಗೆ ಮೈಕು ಬಂತು. ಈ ಮಾತನ್ನು ನಾನು ನಗುತ್ತಲೂ ಹೇಳಿದ್ದೇನೆ, ಹಲ್ಲು ಕಚ್ಚಿಕೊಂಡೂ ಹೇಳಿದ್ದೇನೆ, ಆಯಾ ದಿನ ನೋಡಿಕೊಂಡು.

ಅವಳೇನು ಸುಮ್ಮನೆ ಗೆದ್ದವಳಲ್ಲ. ಮೊದಲ ಸಲ ನಿಂತಾಗ ಮಸೀದಿ ಸಮಿತಿಯ ಹಿರಿಯರು ಬಂದು ಮೂರು ಗಂಟೆ ಬುದ್ಧಿ ಹೇಳಿದರು. ಎದುರು ಪಕ್ಷದವರು ಇವಳಿಗೆ ಪರದೆಯೊಳಗಿಂದ ಏನು ಕಾಣುತ್ತೆ ಅಂತ ಆಡಿಕೊಂಡರು. ಎರಡು ಕಡೆಯಿಂದಲೂ ಬೈಸಿಕೊಂಡ ಅಭ್ಯರ್ಥಿ ಅವಳೊಬ್ಬಳೇ. ಹೆಂಗಸರು ಹೊರಗೆ ಬಾರದ ಮನೆಗಳಿಗೆ ಗಂಡಸರು ಪ್ರಚಾರಕ್ಕೆ ಕಾಲಿಡುವಂತಿರಲಿಲ್ಲ. ನಾವು ಇಟ್ಟೆವು. ಅತ್ತಿಗೆ, ನಮ್ಮಮ್ಮ, ನಾನು, ಮೂವರೂ ಹಿತ್ತಿಲ ಬಾಗಿಲಿಂದ ಹೋಗಿ, ಅವರ ಅಡುಗೆಮನೆಯಲ್ಲೇ ಕೂತು, ಮಾದರಿ ಮತಪತ್ರವನ್ನು ನೆಲದ ಮೇಲೆ ಹಾಸಿ, ಮುದ್ರೆ ಎಲ್ಲಿ ಒತ್ತಬೇಕು ಅಂತ ತೋರಿಸಿದೆವು. ನಾನು ಅವರ ಈರುಳ್ಳಿ ಹೆಚ್ಚಿಕೊಡುತ್ತಿದ್ದೆ, ಅಷ್ಟರಲ್ಲಿ ಅತ್ತಿಗೆ ಹೇಳೋದನ್ನು ಹೇಳಿ ಮುಗಿಸುತ್ತಿದ್ದಳು. ಒಂಬೈನೂರು ಮತದಿಂದ ಗೆದ್ದಳು. ನಮ್ಮವರ ಪೈಕಿ ಶಾಸನಸಭೆಗೆ ಹೋದ ಮೊದಲ ಹೆಂಗಸು. ಆಮೇಲೆ ಇನ್ನೂ ಎರಡು ಸಲ ಗೆದ್ದಳು, ಉಪಮಂತ್ರಿಯಾದಳು. ನಮ್ಮ ಹೆಣ್ಣುಮಕ್ಕಳು ಹೊಸ್ತಿಲು ದಾಟಬೇಕು ಅನ್ನೋದು ಅವಳ ಎಲ್ಲ ಭಾಷಣದ ಕೊನೇ ಮಾತು. ಅದನ್ನು ರೇಡಿಯೋದಲ್ಲಿ ಕೇಳಿಸಿಕೊಳ್ಳುತ್ತಾ ನಾನು ಪಾತ್ರೆ ತೊಳೆದಿದ್ದೇನೆ.

ಹದಿನೇಳನೇ ಕಲಮಿನಲ್ಲಿ ನನ್ನ ಹೆಸರು ಬಿತ್ತು. 'ಪತ್ನಿ' ಅನ್ನೋದನ್ನು ಹೊಡೆದುಹಾಕಿ 'ನಾದಿನಿ' ಅಂತ ಬರೆದಳು. ಅರ್ಜಿ ಕಳಿಸೋಕೆ ಆರು ವಾರ ಟೈಮಿತ್ತು, ಇನ್ನೊಂದು ಸಹಿ ಬಾಕಿ ಇತ್ತು: ಗಂಡನ ಒಪ್ಪಿಗೆ. ತಾನು ಜೊತೆಗೆ ಬರೋದಿಲ್ಲ ಅಂತ ಅಣ್ಣ ಮೊದಲೇ ಹೇಳಿದ್ದ. ಕಾಲೇಜು ಬಿಟ್ಟು, ಅಲ್ಲಿ ಹೋಗಿ ರಾಯಭಾರಿಯ ಗಂಡ ಅಂತ ಕೈ ಕುಲುಕುತ್ತಾ ನಿಲ್ಲೋಕೆ ತನಗೇನು ಬೇರೆ ಕೆಲಸವಿಲ್ಲವಾ ಅಂದಿದ್ದ. ಹಾಗಂತ ನೀನೂ ಹೋಗಬೇಡ ಅನ್ನಲಿಲ್ಲ. ಅವನು ಯಾವುದಕ್ಕೂ ಬೇಡ ಅನ್ನುವವನಲ್ಲ, 'ನೋಡೋಣ' ಅನ್ನುವವನು. ಅವನು ನೋಡೋಣ ಅಂದ ಎಷ್ಟೋ ವಿಷಯ ನಮ್ಮ ಮನೆಯಲ್ಲಿ ಮತ್ತೆ ತಲೆ ಎತ್ತಲೇ ಇಲ್ಲ.

ಮಂಗಳವಾರ, ಗುರುವಾರ ಮಧ್ಯಾಹ್ನ ಮೂರಕ್ಕೆ ಇಲಾಖೆಯಿಂದ ಶಿಷ್ಟಾಚಾರದ ಮೇಷ್ಟ್ರು ಬರತೊಡಗಿದರು. ನಿವೃತ್ತರು, ಕಡ್ಡಿಯಂಥ ಮನುಷ್ಯ, ಎಂಥ ಸೆಕೆಯಲ್ಲೂ ಕೋಟಿನ ಗುಂಡಿ ಬಿಚ್ಚದವರು. ರಾಯಭಾರಿಗಳ ಹೆಂಡಿರಿಗೆ ಮೂವತ್ತು ವರ್ಷ ಪಾಠ ಹೇಳಿದವರಾದ್ದರಿಂದ ಬಾಯಿತಪ್ಪಿ ನನ್ನನ್ನೂ 'ರಾಯಭಾರಿಯವರ ಶ್ರೀಮತಿಯವರೇ' ಅಂದುಬಿಡುತ್ತಿದ್ದರು. ನಮ್ಮ ಊಟದ ಮೇಜಿನ ಸುತ್ತ ಚೀಟಿ ಇಟ್ಟು ಕಲಿಸಿದರು. ಮುಖ್ಯ ಅತಿಥಿ ಎಲ್ಲಿ ಕೂರಬೇಕು, ಹಳೇ ರಾಯಭಾರಿ ಹೊಸಬರಿಗಿಂತ ಯಾಕೆ ಮೇಲೆ, ಮದ್ಯ ಮುಟ್ಟದ ಮನೆಯವರು ಗ್ಲಾಸು ಎತ್ತಿ ಶುಭ ಕೋರೋದು ಹೇಗೆ. ಮಾತು ಬಿಟ್ಟ ಎರಡು ದೇಶದವರನ್ನು ಅಕ್ಕಪಕ್ಕ ಕೂರಿಸಬಾರದು, ಎದುರುಬದುರೂ ಕೂರಿಸಬಾರದು, ಕಣ್ಣು ತಪ್ಪಿಸಿಕೊಳ್ಳೋಕೆ ಇಬ್ಬರಿಗೂ ಒಂದು ಜಾಗ ಇರಬೇಕು ಅಂದರು.

"ಇದನ್ನ ಇಪ್ಪತ್ತೆರಡು ವರ್ಷದಿಂದ ಮಾಡ್ತಾನೇ ಇದ್ದೀನಿ ಮೇಷ್ಟ್ರೇ," ಅಂದೆ. ಅಣ್ಣ ಅತ್ತಿಗೆ ಮುನಿಸಿಕೊಂಡ ದಿನ ಬ್ರೆಡ್ಡಿನ ಬುಟ್ಟಿ, ನೀರಿನ ಜಗ್ಗು ಎಲ್ಲೆಲ್ಲಿ ಇಡುತ್ತೇನೆ ಅಂತ ತೋರಿಸಿದೆ. ಅವರು ಮೊದಲ ಸಲ ನಕ್ಕರು. ತಾವು ಕಲಿಸಿದವರಲ್ಲಿ ಇಷ್ಟು ಬೇಗ ಕಲಿತವರಿಲ್ಲ ಅಂದರು. ಆ ಮಾತಿಗೆ ನಾನು ಎರಡು ದಿನ ನೆಲದ ಮೇಲೆ ನಡೆಯಲಿಲ್ಲ. ಯಾರೋ ನನ್ನನ್ನು ಹೊಗಳಿ, ಅದು ಉಪ್ಪು ಸರಿಯಾಗಿದೆ ಅನ್ನೋ ಮಾತಲ್ಲದೇ ಇದ್ದದ್ದು ಯಾವ ಕಾಲವಾಗಿತ್ತೋ.

ತಪ್ಪು ನಾನೇ ಮಾಡಿದೆ, ಒಪ್ಪಿಕೊಳ್ಳುತ್ತೇನೆ. ಮೂರನೇ ವಾರ, ಭಾನುವಾರದ ಮಧ್ಯಾಹ್ನದ ಊಟಕ್ಕೆ, ಕಲಿತದ್ದನ್ನು ಮನೆಯವರ ಮೇಲೇ ಪ್ರಯೋಗ ಮಾಡೋಣ ಅನಿಸಿತು. ಮೇಜಿಗೆ ಆರು ಕುರ್ಚಿ. ಆರಕ್ಕೂ ಚೀಟಿ ಬರೆದೆ. ಅತ್ತಿಗೆ ರಾಯಭಾರಿ, ಮೇಜಿನ ತಲೆಗೆ. ಅಣ್ಣನ ಮಗಳು ಪುಟ್ಟಿ, ವೈದ್ಯಕೀಯ ಓದುವವಳು, ಅತ್ತಿಗೆ ಹೋಗಲಿರುವ ದೇಶದ ಮಂತ್ರಿ. ಎರಡು ಖಾಲಿ ಕುರ್ಚಿಗೆ ಸೇನಾಧಿಕಾರಿ, ಹಳೇ ರಾಯಭಾರಿ. ಅಣ್ಣ ಬಂದು ತನ್ನ ಮಾಮೂಲಿ ಕುರ್ಚಿಗೆ ಕೈ ಹಾಕಿದ. ಅದರ ಮುಂದೆ ಅತ್ತಿಗೆಯ ಚೀಟಿ ಇತ್ತು.

"ನಂದೆಲ್ಲಿ?" ಅಂದ.

"ಐದನೇದು ಅಣ್ಣ. ರಾಯಭಾರಿಯ ಸಂಗಾತಿ."

ಪುಟ್ಟಿ ಕಿಸಕ್ಕನೆ ನಕ್ಕಳು. ಅಣ್ಣ ಎರಡು ಖಾಲಿ ಕುರ್ಚಿಯನ್ನು ದಾಟಿ ಹೋಗಿ ಕೂತ. ನಾನು ನಿಯಮದ ಪ್ರಕಾರ ಮಂತ್ರಿಗೆ ಮೊದಲು ಬಡಿಸಿದೆ, ಅವನಿಗೆ ಕೊನೆಗೆ. ಅಷ್ಟು ಹೊತ್ತಿಗೆ ಸೂಪು ಆರಿತ್ತು. ಅವನು ಅದನ್ನೇ ಕುಡಿದು ಎದ್ದ. ಅತ್ತಿಗೆ ಅಡುಗೆಮನೆಗೆ ಬಂದು, ಇವತ್ತು ಈ ಆಟ ಬೇಡವಾಗಿತ್ತು, ಅವರ ಸಹಿ ಇನ್ನೂ ಬಿದ್ದಿಲ್ಲ ಅಂತ ಮೆಲ್ಲಗೆ ಅಂದಳು.

ಸೋಮವಾರ ಬೆಳಿಗ್ಗೆ ಚಹಾ ಕುಡಿಯುವಾಗ ಅಣ್ಣ ಬಾಯಿಬಿಟ್ಟ. ಅಮ್ಮನನ್ನು ಯಾರ ಕೈಗೆ ಒಪ್ಪಿಸಿ ಹೋಗುತ್ತೀರಿ ಅಂತ ಕೇಳಿದ. ಅಮ್ಮನಿಗೆ ಎಂಬತ್ತು ದಾಟಿದೆ, ಸೊಂಟ ಮುರಿದು ಎರಡು ವರ್ಷದಿಂದ ಒಳಕೋಣೆಯ ಮಂಚದಲ್ಲಿದ್ದಾಳೆ. ಮಗ್ಗುಲು ಬದಲಾಯಿಸೋದು, ಮೈ ಒರೆಸೋದು, ಮಲಮೂತ್ರ, ಎಲ್ಲ ನನ್ನ ಕೈಯಲ್ಲೇ. ಅತ್ತಿಗೆ ಅದಕ್ಕೂ ಯೋಚನೆ ಮಾಡಿಟ್ಟಿದ್ದಳು. ನರ್ಸ್ ಇಡೋಣ, ಇಬ್ಬರು ಬೇಕಾದರೆ ಇಬ್ಬರು ಅಂದಳು.

ಹತ್ತು ದಿನದಲ್ಲಿ ಮೂವರು ಬಂದರು, ಮೂವರೂ ಹೋದರು. ಮೊದಲನೆಯವಳ ಕೈ ತಣ್ಣಗಿದೆ ಅಂದಳು ಅಮ್ಮ. ಎರಡನೆಯವಳು ತನ್ನ ಜೊತೆ ಮಗುವಿನ ಜೊತೆ ಮಾತಾಡಿದ ಹಾಗೆ ಮಾತಾಡುತ್ತಾಳೆ ಅಂತ ಸಿಟ್ಟು. ಮೂರನೆಯವಳು ಒಳ್ಳೆ ಹುಡುಗಿ, ನನಗೇ ಇಷ್ಟವಾಗಿದ್ದಳು. ಅವಳು ಮೈ ಒರೆಸೋಕೆ ಹೋದಾಗ ಅಮ್ಮ ಹೊದಿಕೆಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದು, "ನನ್ನ ಮೈ ನೋಡೋಕೆ ನೀನ್ಯಾರು? ನನ್ನ ಮಗಳನ್ನ ಕರಿ," ಅಂದಳು. ಆ ಹುಡುಗಿ ಕಣ್ಣೊರೆಸಿಕೊಂಡು ಹೋದಳು. ನಾನು ಒಳಗೆ ಹೋದೆ. ಅಮ್ಮ ಹೊದಿಕೆ ಬಿಟ್ಟಳು. ಅಮ್ಮನ ಮೇಲೆ ನನಗೆ ಅಷ್ಟು ಕೋಪ ಯಾವತ್ತೂ ಬಂದಿರಲಿಲ್ಲ, ಆದರೂ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿದೆ. ಇದನ್ನೇ ಹೇಳಬೇಕು ಅಂತಿದ್ದೆ: ಕೋಪ ಬೇರೆ, ಕೈ ಬೇರೆ.

ಐದನೇ ವಾರ ಅಣ್ಣ ಸಹಿ ಹಾಕಿದ. ಅತ್ತಿಗೆ ಕಾಗದ ಹಿಡಿದು ಬಂದು ಆಯ್ತು ಅಂದಳು. ಅವಳ ಮುಖದಲ್ಲಿ ಖುಷಿಗಿಂತ ಸುಸ್ತು ಕಂಡಿತು. ನನಗೆ ಅದೆಲ್ಲ ಎಲ್ಲಿ ಹೊಳೆಯಬೇಕು, ಮಾಂಸ ತರಿಸಿ ಒಳ್ಳೆ ಅಡುಗೆ ಮಾಡಿದೆ. ಎರಡು ದಿನ ಬಿಟ್ಟು ಮೇಷ್ಟ್ರು ಬಂದರು. ಬಂದವರು ಪಾಠ ಶುರು ಮಾಡದೆ ತಮ್ಮ ಚೀಟಿಗಳನ್ನು ಜೋಡಿಸಿ ಚೀಲಕ್ಕೆ ಹಾಕಿಕೊಂಡರು. ನನಗೆ ತುಂಬ ಒಳ್ಳೆಯದಾಗಲಿ, ನನ್ನಂಥ ಶಿಷ್ಯೆಯನ್ನು ಮರೆಯೋದಿಲ್ಲ ಅಂತೆಲ್ಲ ಅಂದರು. ನಾನು ಕಣ್ಣು ಕಣ್ಣು ಬಿಟ್ಟೆ. ಆಗ ಅವರಿಗೆ ಗೊತ್ತಾಯಿತು, ನನಗೆ ಗೊತ್ತಿಲ್ಲ ಅಂತ. ಹದಿನೇಳನೇ ಕಲಮಿನಲ್ಲಿ ನನ್ನ ಹೆಸರು ಹೊಡೆದು 'ರಾಯಭಾರಿ ಸ್ವತಃ' ಅಂತ ತಿದ್ದಿ ಕಳಿಸಿದ್ದಾರೆ ಅಂತ ಹೇಳುವಾಗ ಆ ಮುದುಕರು ನನ್ನ ಮುಖ ನೋಡಲಿಲ್ಲ. ಅವರಿಗೆ ಚಹಾ ಕೊಟ್ಟೇ ಕಳಿಸಿದೆ.

ಅತ್ತಿಗೆ ತನ್ನ ಕೋಣೆಯಲ್ಲಿ ಪುಸ್ತಕ ಪೆಟ್ಟಿಗೆಗೆ ತುಂಬುತ್ತಿದ್ದಳು. ಬಾಗಿಲು ಹಾಕಿಕೊಂಡೆ.

"ಸಹಿಗೆ ಏನು ಕೊಟ್ಟೆ ಅತ್ತಿಗೆ?" ಅಂದೆ.

ಅವಳು ಸುಳ್ಳು ಹೇಳಲಿಲ್ಲ, ಅಷ್ಟು ಮಟ್ಟಿಗೆ ಅವಳು ಮರ್ಯಾದಸ್ಥೆ. "ನಿನ್ನನ್ನ," ಅಂದಳು. "ನೀನು ಇಲ್ಲೇ ಇದ್ದರೆ ಮಾತ್ರ ಸಹಿ ಅಂದ್ರು. ಒಂದು ವಾರ ಜಗಳ ಆಡಿದೆ."

"ನನ್ನನ್ನ ಒಂದು ಮಾತು ಕೇಳಬಹುದಿತ್ತು."

"ಕೇಳಿದ್ರೆ ನೀನು ಆಗಲ್ಲ ಅಂತಿದ್ದೆ."

"ಅಂತಿದ್ದೆ."

"ಅದಕ್ಕೇ ಕೇಳಲಿಲ್ಲ."

ಜಗಳ ಅಂದರೆ ಹೀಗಿರಬೇಕು, ನಾಲ್ಕು ಮಾತಲ್ಲಿ ಮುಗಿದು ನಾಲ್ಕು ದಿನ ಸುಡಬೇಕು. ನಾನು ನಾಲ್ಕು ದಿನ ಅವಳ ಜೊತೆ ಮಾತು ಬಿಟ್ಟೆ. ಅಡುಗೆ ಬಿಡಲಿಲ್ಲ. ಒಂದು ಹೊತ್ತಾದರೂ ಒಲೆ ಆರಿಸಿ ಕೂರಬಹುದಿತ್ತು, ಅಮ್ಮನಿಗೆ ಗಂಜಿ ಬೇಕಲ್ಲ, ಒಲೆ ಹಚ್ಚಿದ ಮೇಲೆ ಉಳಿದವರಿಗೂ ಬೇಯುತ್ತೆ. ಪಾತ್ರೆ ಸ್ವಲ್ಪ ಜೋರಾಗಿ ಕುಕ್ಕಿದೆ, ಅಷ್ಟೇ.

ಐದನೇ ದಿನ ಮಧ್ಯಾಹ್ನ ಊಟದ ಮೇಜಿನಲ್ಲಿ ಪುಟ್ಟಿ ಬಾಂಬು ಹಾಕಿದಳು. ತನಗೆಲ್ಲ ಗೊತ್ತಾಗಿದೆ, ಒಂದು ವರ್ಷ ಕಾಲೇಜಿಗೆ ರಜೆ ಹಾಕಿ ತಾನೇ ಅಜ್ಜಿಯನ್ನು ನೋಡಿಕೊಳ್ಳುತ್ತೇನೆ, ಅತ್ತೆ ಹೋಗಲಿ ಅಂದಳು. ಹತ್ತೊಂಬತ್ತು ವರ್ಷದ ಹುಡುಗಿ, ಕಣ್ಣು ತುಂಬ ನೀರು, ಏನೋ ದೊಡ್ಡ ತ್ಯಾಗ ಮಾಡುವ ಉಮೇದು. ಮುಂದಿನ ವರ್ಷದಿಂದ ಅವಳ ಕಲಿಕೆ ಬೇರೆ ಊರಿನ ಆಸ್ಪತ್ರೆಯಲ್ಲಿ, ಹಾಸ್ಟೆಲಿನಲ್ಲಿರಬೇಕು. ಅದಕ್ಕೂ ಅಣ್ಣನಿಗೆ ಮನಸ್ಸಿರಲಿಲ್ಲ.

ಅಣ್ಣ ಆಲೂಗಡ್ಡೆ ಮುರಿಯುತ್ತಾ ಯೋಚಿಸಿದ. "ಒಂದು ವರ್ಷ ತಾನೇ," ಅಂದ. "ನೋಡೋಣ."

ಅತ್ತಿಗೆಯ ಮುಖ ನೋಡಿದೆ. ಅವಳು ತಟ್ಟೆ ನೋಡುತ್ತಿದ್ದಳು. ನನಗೆ ಒಂದು ಕ್ಷಣ ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ. ಹೌದು ಕಣೇ, ಒಂದು ವರ್ಷ ತಾನೇ, ನೀನಿನ್ನೂ ಚಿಕ್ಕವಳು ಅಂತ ನಾಲಿಗೆ ತುದಿಗೆ ಬಂದಿತ್ತು. ಈ ಮನೆಗೆ ನಾನು ವಾಪಸು ಬಂದ ದಿನವೂ ಅಪ್ಪ ಅದನ್ನೇ ಅಂದಿದ್ದ, ಒಂದು ವರ್ಷ ಇರು, ಆಮೇಲೆ ನೋಡೋಣ ಅಂತ.

"ನೀನು ನೋಡ್ಕೋ ಅಣ್ಣ," ಅಂದೆ.

"ಏನು?"

"ಅಮ್ಮನ್ನ. ಹೆತ್ತಿದ್ದು ನನ್ನೊಬ್ಬಳನ್ನೇ ಅಲ್ಲವಲ್ಲ."

ಅವನು ನಿಜಕ್ಕೂ ಬೆಪ್ಪಾದ. ಅಷ್ಟರಲ್ಲಿ ಒಳಕೋಣೆಯಿಂದ ಅಮ್ಮನ ದನಿ ಬಂತು, ಕಿವಿ ಇನ್ನೂ ಚುರುಕು ಅವಳದು. "ಗಂಡುಮಗನ ಕೈಲಿ ಮೈ ತೊಳೆಸ್ಕೊಳ್ಳೋ ಹಾಗಾದ್ರೆ ದೇವರು ಅದಕ್ಕೆ ಮುಂಚೇನೇ ನನ್ನ ಕರ್ಕೊಳ್ಳಲಿ," ಅಂದಳು. ಅಣ್ಣನ ಮುಖದಲ್ಲಿ ನೆಮ್ಮದಿ ಕಂಡಿತು, ತಪ್ಪಿಸಿಕೊಂಡವನ ನೆಮ್ಮದಿ, ಅದನ್ನು ನೋಡಿ ನನ್ನ ಮೈಯೆಲ್ಲ ಉರಿದುಹೋಯಿತು. ಅಮ್ಮನನ್ನು ಬೈಯೋಣವೆಂದರೆ ಅವಳ ನಾಚಿಕೆಯೂ ನಿಜ. ನಾಳೆ ನಾನು ಹಾಗೆ ಮಲಗಿದರೆ ನನಗೂ ಅದೇ ನಾಚಿಕೆ.

ಪಾತ್ರೆ ತೊಳೆಯುವಾಗ ಅತ್ತಿಗೆ ಬಂದು ಪಕ್ಕದಲ್ಲಿ ನಿಂತು ಒರೆಸತೊಡಗಿದಳು. ಎಷ್ಟು ವರ್ಷವಾಗಿತ್ತೋ ಅವಳು ಈ ಕೆಲಸಕ್ಕೆ ಕೈ ಹಾಕಿ. ಮೂರು ತಟ್ಟೆ ಒರೆಸಿದ ಮೇಲೆ, ತಾನೇ ಹುದ್ದೆ ಬೇಡ ಅಂತ ಬರೆದುಬಿಡುತ್ತೇನೆ ಅಂದಳು. ಪುಟ್ಟಿಯನ್ನು ಮನೆಯಲ್ಲಿ ಕೂರಿಸಿ, ನನ್ನನ್ನು ಕೂರಿಸಿ, ತಾನು ಅಲ್ಲಿ ಹೋಗಿ ಯಾವ ಬಾಯಲ್ಲಿ ಮಾತಾಡಲಿ ಅಂದಳು. ನೀನು ಹೂಂ ಅನ್ನು, ಇವತ್ತೇ ಬರೆಯುತ್ತೇನೆ ಅಂದಳು.

ಅವಳ ಕಣ್ಣಲ್ಲಿ ನೀರಿತ್ತು, ಅದು ನಾಟಕವಲ್ಲ. ಆದರೆ ಇಪ್ಪತ್ತೆರಡು ವರ್ಷ ನಾನು ಅವಳನ್ನು ನೋಡಿದ್ದೇನೆ. ಆಗಲ್ಲ ಅನ್ನೋಕೆ ಆಗದಂಥ ಪ್ರಶ್ನೆ ಕೇಳೋದರಲ್ಲಿ ಅವಳನ್ನು ಮೀರಿಸುವವರಿಲ್ಲ. ಅವಳು ಹೋಗದಿದ್ದರೆ ಆ ಇಲಾಖೆಯವರು ಏನನ್ನುತ್ತಾರೆ ಅಂತ ನನಗೆ ಗೊತ್ತಿಲ್ಲವೇ. ನೋಡಿದಿರಾ, ಅವರ ಹೆಂಗಸರನ್ನು ಕರೆದರೂ ಬರೋದಿಲ್ಲ ಅನ್ನುತ್ತಾರೆ. ಯಾರ್ಯಾರದೋ ಅಡುಗೆಮನೆಯ ನೆಲದ ಮೇಲೆ ಕೂತು ಈರುಳ್ಳಿ ಹೆಚ್ಚಿದ್ದು ಈ ಮಾತು ಕೇಳೋದಕ್ಕಾ?

"ನೀನು ಹೋಗು," ಅಂದೆ. "ಆದ್ರೆ ಪುಕ್ಕಟೆ ಹೋಗೋ ಹಾಗಿಲ್ಲ. ನೀನೂ ಅಣ್ಣನೂ ಒಂದು ಕಾಗದಕ್ಕೆ ಸಹಿ ಹಾಕಿ. ನಾನು ಹೇಳ್ತೀನಿ, ನೀನು ಬರಿ. ವಕೀಲೆ ತಾನೇ."

ಅವಳು ಕೈ ಒರೆಸಿಕೊಂಡು ಕಾಗದ ತಂದಳು. ಅಡುಗೆಮನೆಯ ಕಟ್ಟೆಯ ಮೇಲೇ ಬರೆದಳು. ಪುಟ್ಟಿ ಹಾಸ್ಟೆಲಿಗೆ ಹೋಗಬೇಕು, ಮನೆಯಲ್ಲಿ ಯಾರು ಮಲಗಿದರೂ, ನಾನೇ ಮಲಗಿದರೂ, ಅವಳನ್ನು ಓದು ಬಿಡಿಸಿ ಕರೆಸಬಾರದು. ಅದು ಒಂದು. ಅಣ್ಣ ದಿನಾ ಸಂಜೆ ಎರಡು ಗಂಟೆ ಅಮ್ಮನ ಪಕ್ಕ ಕೂರಬೇಕು. ಮೈ ತೊಳೆಯೋದು ಬೇಡ, ನೀರು ಕುಡಿಸೋಕೆ, ಪತ್ರಿಕೆ ಓದಿ ಹೇಳೋಕೆ ಗಂಡುಮಗನಾದರೂ ನಡೆಯುತ್ತೆ. ಆ ಎರಡು ಗಂಟೆ ನನ್ನನ್ನು ಯಾರೂ ಕರೆಯಬಾರದು. ಅದು ಎರಡು. ಅಣ್ಣ ಕನ್ನಡಕ ಹಾಕಿಕೊಂಡು ಮೂರು ಸಲ ಓದಿದ, ಗೊಣಗಿದ, ಪುಟ್ಟಿ ಪಕ್ಕದಲ್ಲೇ ನಿಂತಿದ್ದಳಾದ್ದರಿಂದ ನೋಡೋಣ ಅನ್ನೋಕಾಗದೆ ಸಹಿ ಹಾಕಿದ.

ಅತ್ತಿಗೆ ಸಹಿ ಹಾಕುವ ಮುಂಚೆ ಮೂರು ಅಂತ ಬರೆದು ಪೆನ್ನು ನನ್ನ ಕೈಗೆ ಕೊಟ್ಟಳು. "ಇದರಲ್ಲಿ ನಿನಗೆ ಅಂತ ಏನಿದೆ? ಏನು ಬೇಕೋ ನೀನೇ ಬರಿ," ಅಂದಳು.

ಪೆನ್ನು ಹಿಡಿದು ಕೂತೆ. ಈ ಮನೆಯಲ್ಲಿ ಯಾರಿಗೆ ಏನು ಬೇಕು ಅಂತ ನನ್ನನ್ನು ಕೇಳಿ, ನಿದ್ದೆಯಲ್ಲೂ ಹೇಳುತ್ತೇನೆ. ಅಣ್ಣನಿಗೆ ಚಹಾ ಕಡುಗೆಂಪು ಬಣ್ಣಕ್ಕಿರಬೇಕು, ಅತ್ತಿಗೆಗೆ ಭಾಷಣದ ದಿನ ಖಾರ ಕೂಡದು, ಪುಟ್ಟಿಗೆ ಮೊಟ್ಟೆಯ ಬಿಳಿ ಮಾತ್ರ. ನನ್ನದು ಮಾತ್ರ ಹೊಳೆಯಲಿಲ್ಲ. ಅಲ್ಲಿಗೆ ಹೋಗಬೇಕಿತ್ತು, ಅದು ಗೊತ್ತು. ಅದು ಆಗದ ಮೇಲೆ ಇನ್ನೇನು ಬೇಕು ಅಂತ ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಒಳಗಿಂದ ಅಮ್ಮ ಕರೆದಳು. ಮಗ್ಗುಲು ಬದಲಾಯಿಸಿ ಬಂದು ನೋಡಿದರೆ, ಮೂರನೇ ಸಾಲು ಖಾಲಿ ಬಿಟ್ಟು ಕೆಳಗೆ ಅತ್ತಿಗೆ ಸಹಿ ಹಾಕಿ ಹೋಗಿದ್ದಳು. ಬರೆಯೋದೇನಿದ್ದರೂ ಒಪ್ಪಿದೆ ಅಂತ ಅದರ ಅರ್ಥ. ಇನ್ನೂ ಬರೆದಿಲ್ಲ.

ಅತ್ತಿಗೆ ಹೋಗಿ ಎಂಟು ತಿಂಗಳಾಯಿತು. ಅಲ್ಲಿನ ಅಧ್ಯಕ್ಷರಿಗೆ ಅಧಿಕಾರಪತ್ರ ಕೊಡುತ್ತಿರುವ ಚಿತ್ರ ಪತ್ರಿಕೆಯಲ್ಲಿ ಬಂದಾಗ ನಾನು ಅತ್ತುಬಿಟ್ಟೆ, ಹೆಮ್ಮೆಗೋ ಹೊಟ್ಟೆಕಿಚ್ಚಿಗೋ, ಎರಡಕ್ಕೂ ಇರಬೇಕು. ಊಟಕ್ಕೆ ಯಾರನ್ನು ಎಲ್ಲಿ ಕೂರಿಸಲಿ ಅಂತ ನಕ್ಷೆ ಬರೆದು ಕಳಿಸುತ್ತಾಳೆ, ನಾನು ತಿದ್ದಿ ಕಳಿಸುತ್ತೇನೆ. ಪುಟ್ಟಿ ಹಾಸ್ಟೆಲಿನಲ್ಲಿದ್ದಾಳೆ. ಅಣ್ಣ ಸಂಜೆ ಐದಕ್ಕೆ ಸರಿಯಾಗಿ ಬಂದು ಅಮ್ಮನ ಪಕ್ಕ ಕೂರುತ್ತಾನೆ. ಸಹಿ ಹಾಕಿದ ಮೇಲೆ ತಪ್ಪುವವನಲ್ಲ, ಆ ಮಾತು ಹೇಳಲೇಬೇಕು.

ಆ ಹೊತ್ತಿಗೆ ನಾನು ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತೇನೆ. ಬೇಕರಿ ದಾಟಿ, ಬಸ್ ನಿಲ್ದಾಣದವರೆಗೆ ಹೋಗುತ್ತೇನೆ. ಬಸ್ಸುಗಳು ಬರುತ್ತವೆ, ಕಂಡಕ್ಟರು ಊರಿನ ಹೆಸರು ಕೂಗಿ ನನ್ನ ಮುಖ ನೋಡುತ್ತಾನೆ. ಎಲ್ಲಿಗೆ ಅಂತ ಹೇಳಲಿ? ಅಷ್ಟರಲ್ಲಿ ಅಮ್ಮನ ಹೊದಿಕೆ ಜಾರಿರುತ್ತೆ, ಅಣ್ಣನಿಗೆ ಅದು ಕಾಣೋದಿಲ್ಲ ಅಂತ ನೆನಪಾಗುತ್ತೆ. ಸರಸರ ವಾಪಸು ಬರುತ್ತೇನೆ.

ಅಣ್ಣ ಪತ್ರಿಕೆ ಮಡಿಸಿ ಗಡಿಯಾರ ನೋಡುತ್ತಾನೆ. "ಇನ್ನೂ ಒಂದೂಕಾಲು ಗಂಟೆ ಇದೆಯಲ್ಲೇ," ಅನ್ನುತ್ತಾನೆ.